ಹೊಲವನ್ನೇ ಹಟ್ಟಿ ಮಾಡಿಕೊಂಡವರು



ಕ್ರಿಸ್ತಜಯಂತಿಯ ನಡುರಾತ್ರಿಯ ಬಲಿಪೂಜೆಯಲ್ಲಿ ಪ್ರತಿವರ್ಷ ಓದುವ ಶುಭಸಂದೇಶ ಸಂತ ಲೂಕರದು. ಅದರಲ್ಲಿ ಮೊದಲು ಬರುವ ಹೆಸರು ರೋಮ್ ಚಕ್ರವರ್ತಿ ಅಗಸ್ಟಸನದು. ಆಮೇಲೆ ರಾಜ್ಯಪಾಲ, ಜನಗಣತಿ, ದಾವೀದನ ಊರು. ಇಷ್ಟೆಲ್ಲಾ ದೊಡ್ಡ ಹೆಸರುಗಳು ಮುಗಿದ ಬಳಿಕ, ಎಂಟನೆಯ ವಚನದಲ್ಲಿ, ಹೆಸರೇ ಇಲ್ಲದ ಕೆಲವರು ಕಾಣಿಸಿಕೊಳ್ಳುತ್ತಾರೆ. ಲೂಕರು ಬರೆದ ಗ್ರೀಕ್ ಭಾಷೆಯಲ್ಲಿ ಅವರನ್ನು ಕರೆದಿರುವುದು 'ಪೊಯ್ಮೆನೆಸ್' ಎಂದು. ಒಬ್ಬನಾದರೆ 'ಪೊಯ್ಮೆನ್'. ಹಳೆಯ ಕನ್ನಡ ಬೈಬಲಿನಲ್ಲಿ ಇದನ್ನು 'ಕುರುಬರು' ಎಂದು ಅನುವಾದಿಸಿದರು. ನಮ್ಮ ದೇವಾಲಯಗಳಲ್ಲಿ ಓದುವ ಪಾಠದಲ್ಲಿ 'ಕುರಿಗಾಹಿಗಳು' ಎಂದಿದೆ. ಎರಡೂ ತಪ್ಪಲ್ಲ. ಮೊದಲ ಅನುವಾದಕರು 'ಕುರುಬರು' ಎಂಬ ಮಾತನ್ನು ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ ಎಂಬುದು ನಮ್ಮ ಊಹೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದು ನೆಲೆಸಿದ್ದು ಬಳ್ಳಾರಿಯಲ್ಲಿ. ಅಲ್ಲಿ ಬಾಗಿಲು ತೆರೆದರೆ ಕಾಣುವುದು ಕಂಬಳಿ ಹೊದ್ದವರೇ.

ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗ ಹೋಬಳಿಯಿಂದ ಹಿಡಿದು ಹೊಸದುರ್ಗ, ಹಿರಿಯೂರು, ಚಿತ್ರದುರ್ಗದವರೆಗೆ ಬದುಕುವ ನಮಗೂ ಆ ಜನ ಅಪರಿಚಿತರಲ್ಲ. ಆದ್ದರಿಂದ ಈ ಹಬ್ಬದ ಸಂದರ್ಭದಲ್ಲಿ ಆ ಗ್ರೀಕ್ ಪದವನ್ನು ಸ್ವಲ್ಪ ಕೈಯಲ್ಲಿ ಹಿಡಿದು ನೋಡೋಣ. ಅದು ನಮ್ಮ ಜಿಲ್ಲೆಗೆ ನಾವು ಭಾವಿಸುವುದಕ್ಕಿಂತ ಹತ್ತಿರದ ಪದ.

ಪದ ಬಹಳ ಹಳೆಯದು. ಕ್ರೀಟ್ ದ್ವೀಪದ ಕ್ನೊಸ್ಸೊಸ್ ಅರಮನೆಯಲ್ಲೂ ಗ್ರೀಸಿನ ಪೈಲೊಸ್‌ನಲ್ಲೂ ಮಣ್ಣಿನ ಹಲಗೆಗಳು ಸಿಕ್ಕಿವೆ. ಅವು ಮೂರು ಸಾವಿರ ವರ್ಷಕ್ಕೂ ಹಿಂದಿನವು. ಅವುಗಳ ಲಿಪಿಯನ್ನು 1952ರಲ್ಲಿ ಮೈಕೇಲ್ ವೆಂಟ್ರಿಸ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿ ಬಿಡಿಸಿದಾಗ, ಓದಲು ಸಿಕ್ಕಿದ್ದು ಕಾವ್ಯವೂ ಅಲ್ಲ, ರಾಜರ ಪ್ರಶಸ್ತಿಯೂ ಅಲ್ಲ, ಬರೀ ಲೆಕ್ಕ. ಯಾರ ವಶದಲ್ಲಿ ಎಷ್ಟು ಕುರಿ, ಎಷ್ಟು ಉಣ್ಣೆ ಬರಬೇಕು ಎಂಬ ಲೆಕ್ಕ. ಕ್ನೊಸ್ಸೊಸ್‌ನ ಹಲಗೆಗಳಲ್ಲಿ ಸುಮಾರು ಒಂದು ಲಕ್ಷ ಕುರಿಗಳ ಗಣತಿಯಿದೆ. ಆ ಕಾಲದ ಬರಹದಲ್ಲಿ 'ಪೊ-ಮೆ' ಎಂಬ ಪದವಿದೆ. ಅದೇ ಮುಂದೆ 'ಪೊಯ್ಮೆನ್' ಆಯಿತು. ಹೋಮರನ ಕಾವ್ಯಗಳಲ್ಲಿ ರಾಜ ಅಗಮೆಮ್ನೋನನನ್ನೇ 'ಜನರ ಪೊಯ್ಮೆನ್' ಎಂದು ಕರೆಯಲಾಗಿದೆ.

ಇದಕ್ಕೂ ಆಳದಲ್ಲಿ ಒಂದು ಬೇರು ಇದೆ. ಕಾಪಾಡು, ಪೋಷಿಸು ಎಂಬ ಅರ್ಥದ 'ಪಾ' ಧಾತು. ಸಂಸ್ಕೃತದ 'ಗೋಪ'ದಲ್ಲಿರುವ ಪಾ ಅದೇ. ಲ್ಯಾಟಿನ್ನಿನ 'ಪಾಸ್ಟರ್' ಹುಟ್ಟಿದ್ದೂ ಅಲ್ಲಿಂದಲೇ ಎಂದು ಭಾಷಾವಿದ್ವಾಂಸರು ಹೇಳುತ್ತಾರೆ. 'ಗೋಪಾಲ' ಎಂಬುದು ಜನರ ಬಾಯಲ್ಲಿ ಸವೆದು 'ಗೋವಳ' ಆಯಿತು, 'ಗೊಲ್ಲ' ಆಯಿತು. ಅಂದಮೇಲೆ ಬೆತ್ಲೆಹೇಮಿನ ಪೊಯ್ಮೆನ್ನಿಗೂ ಹಿರಿಯೂರಿನ ಗೊಲ್ಲರಹಟ್ಟಿಯವನಿಗೂ ದೂರದ ದಾಯಾದಿತನವಿದೆ. ಪದದ ಮಟ್ಟಿಗಾದರೂ.

ಲೂಕರು 'ಪೊಯ್ಮೆನೆಸ್' ಎಂದಷ್ಟೇ ಬರೆದು ಸುಮ್ಮನಾಗುವುದಿಲ್ಲ. ಅದರ ಬೆನ್ನಿಗೇ 'ಅಗ್ರಾವ್ಲೂಂತೆಸ್' ಎಂಬ ಇನ್ನೊಂದು ಪದವನ್ನು ಸೇರಿಸುತ್ತಾರೆ. ಹೊಸ ಒಡಂಬಡಿಕೆಯಲ್ಲಿ ಈ ಪದ ಬರುವುದು ಇದೊಂದೇ ಕಡೆ. 'ಅಗ್ರೊಸ್' ಎಂದರೆ ಹೊಲ. 'ಅವ್ಲೆ' ಎಂದರೆ ಅಂಗಳ, ಕುರಿಗಳನ್ನು ಕೂಡುವ ಆವರಣ. ಸಂತ ಯೊವಾನ್ನರ ಹತ್ತನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಮಾತನಾಡುವ ಕುರಿಹಟ್ಟಿ ಅದೇ 'ಅವ್ಲೆ'. ಎರಡನ್ನೂ ಕೂಡಿಸಿದರೆ 'ಹೊಲದಲ್ಲಿ ಬಿಡಾರ ಹೂಡಿದವರು' ಎಂದಾಗುತ್ತದೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಹೊಲವನ್ನೇ ಹಟ್ಟಿ ಮಾಡಿಕೊಂಡವರು.

ಇದನ್ನು ಅರ್ಥಮಾಡಿಕೊಳ್ಳಲು ಪಟ್ಟಣದವರಿಗೆ ವ್ಯಾಖ್ಯಾನ ಬೇಕಾದೀತು. ನಮ್ಮ ಹಳ್ಳಿಗಳವರಿಗೆ ಬೇಡ. ಸುಗ್ಗಿ ಮುಗಿದ ಮೇಲೆ ಬಯಲುಸೀಮೆಯ ಹೊಲಗಳಲ್ಲಿ ಕುರಿಮಂದೆ ತರುಬುವುದನ್ನು ಕಾಣದವರು ಯಾರು? ಹಗಲೆಲ್ಲಾ ಮೇದ ಕುರಿಗಳನ್ನು ಸಂಜೆ ರೈತನೊಬ್ಬನ ಹೊಲದಲ್ಲಿ ಒತ್ತಾಗಿ ಕೂಡುತ್ತಾರೆ. ಸುತ್ತ ಬಲೆ ಅಥವಾ ಮುಳ್ಳುಬೇಲಿ. ಬೆಳಗಾಗುವಷ್ಟರಲ್ಲಿ ಹಿಕ್ಕೆಯೂ ಗಂಜಳವೂ ಮಣ್ಣಿಗೆ ಸೇರಿರುತ್ತದೆ. ಮರುದಿನ ಪಕ್ಕದ ಪಟ್ಟಿಗೆ ಮಂದೆ ಸರಿಯುತ್ತದೆ. ಇದಕ್ಕೆ ರೈತ ರಾಗಿಯೋ ಜೋಳವೋ ಕೊಡುತ್ತಾನೆ, ಈಗೀಗ ಹಣ. ರಾತ್ರಿ ಕುರಿಗಳ ನಡುವೆ ಮಲಗಿದವನಿಗೆ ನಿದ್ದೆ ಅರೆಬರೆ. ತೋಳ, ಚಿರತೆ, ಇವೆಲ್ಲಕ್ಕಿಂತ ಹೆಚ್ಚಾಗಿ ಕಳ್ಳರು. ಲೂಕರು ಬರೆದಿರುವುದೂ ಸರದಿಯ ಮೇಲೆ ರಾತ್ರಿ ಕಾವಲು ಕಾಯುತ್ತಿದ್ದರು ಎಂದೇ. ದೇವದೂತ ಬಂದಾಗ ಎಚ್ಚರವಾಗಿದ್ದವರು ಭಕ್ತಿಯಿಂದ ಎಚ್ಚರವಾಗಿದ್ದವರಲ್ಲ, ಕೆಲಸದಿಂದ ಎಚ್ಚರವಾಗಿದ್ದವರು.

ಈಗ ಬೆತ್ಲೆಹೇಮಿಗಿಂತ ಮುನ್ನೂರು ವರ್ಷ ಹಿಂದಕ್ಕೆ ಹೋಗೋಣ. ಗ್ರೀಕ್ ದೊರೆ ಸೆಲ್ಯೂಕಸನ ರಾಯಭಾರಿಯಾಗಿ ಮೆಗಾಸ್ಥನೀಸ್ ಎಂಬಾತ ಚಂದ್ರಗುಪ್ತ ಮೌರ್ಯನ ಪಾಟಲೀಪುತ್ರಕ್ಕೆ ಬಂದಿದ್ದನೆಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆತ ಬರೆದ 'ಇಂಡಿಕಾ' ಕಳೆದುಹೋಗಿದೆ. ಆದರೆ ಸ್ಟ್ರಾಬೋ, ಅರಿಯನ್ ಮೊದಲಾದವರು ಅದರಿಂದ ಎತ್ತಿ ಬರೆದ ಭಾಗಗಳು ಉಳಿದಿವೆ. ಭಾರತದ ಜನರನ್ನು ಆತ ಏಳು ವರ್ಗಗಳಾಗಿ ವಿಂಗಡಿಸಿದ. ತತ್ವಜ್ಞಾನಿಗಳು, ರೈತರು ಆದ ಮೇಲೆ ಮೂರನೆಯ ವರ್ಗವೇ ದನಕುರಿ ಸಾಕುವವರದು. ಅರಿಯನ್ ಅಲ್ಲಿ ಬಳಸಿರುವ ಪದ ಯಾವುದು ಗೊತ್ತೇ? ಲೂಕರು ಬಳಸಿದ ಅದೇ 'ಪೊಯ್ಮೆನೆಸ್'. ಜೊತೆಗೆ ದನಗಾಹಿಗಳಿಗೆ 'ಬೂಕೊಲೊಯ್'.

ಅವರ ಬಗ್ಗೆ ಆತ ಹೇಳಿದ್ದನ್ನು ಕೇಳಿದರೆ ಚಳ್ಳಕೆರೆ ಸೀಮೆಯನ್ನು ಕಣ್ಣಾರೆ ಕಂಡು ಹೇಳಿದಂತಿದೆ. ಇವರು ಪಟ್ಟಣದಲ್ಲೂ ಇರುವುದಿಲ್ಲ, ಹಳ್ಳಿಯಲ್ಲೂ ಇರುವುದಿಲ್ಲ, ಗುಡ್ಡಗಳಲ್ಲಿ ಅಲೆಯುತ್ತಾ ಬದುಕುತ್ತಾರೆ, ತಮ್ಮ ಜಾನುವಾರುಗಳಿಂದಲೇ ಕಂದಾಯ ಕೊಡುತ್ತಾರೆ, ಬೇಟೆಯನ್ನೂ ಆಡುತ್ತಾರೆ. ಸ್ಟ್ರಾಬೋ ಇನ್ನೊಂದು ಮಾತು ಸೇರಿಸುತ್ತಾನೆ. ಬೆಳೆಗೆ ಬೀಳುವ ಹಕ್ಕಿಗಳನ್ನೂ ಕಾಡುಮೃಗಗಳನ್ನೂ ನಿವಾರಿಸಿದ್ದಕ್ಕಾಗಿ ಇವರಿಗೆ ರಾಜನಿಂದ ಧಾನ್ಯ ಸಿಗುತ್ತಿತ್ತಂತೆ. ದನ ಸಾಕುವುದು ಮತ್ತು ಬೇಟೆ, ಎರಡನ್ನೂ ಒಟ್ಟಿಗೆ ನಡೆಸಿದವರೆಂದರೆ ನಮಗೆ ತಟ್ಟನೆ ನೆನಪಾಗುವುದು ಮ್ಯಾಸಬೇಡರು. ಇಂದಿಗೂ ಅವರ ಹಟ್ಟಿಗಳಲ್ಲಿ ದೇವರ ಎತ್ತುಗಳಿವೆ. ಅವುಗಳನ್ನು ಹೂಡುವುದಿಲ್ಲ, ಮಾರುವುದಿಲ್ಲ. ಅವುಗಳನ್ನು ಕಾಯುವುದಕ್ಕೆಂದೇ ಮೀಸಲಾದ ಕಿಲಾರಿ ಇರುತ್ತಾನೆ. ಮೆಗಾಸ್ಥನೀಸ್ ಇಲ್ಲಿಗೆ ಬಂದಿದ್ದನೆಂದು ನಾವು ಹೇಳುತ್ತಿಲ್ಲ. ಆದರೆ ಆತ ಕಂಡ ಸಾಮ್ರಾಜ್ಯದ ಕೈ ಇಲ್ಲಿಯವರೆಗೂ ಚಾಚಿತ್ತು. ಚಂದ್ರಗುಪ್ತನ ಮೊಮ್ಮಗ ಅಶೋಕನ ಶಾಸನಗಳು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿವೆ, 1892ರಲ್ಲಿ ಬಿ.ಎಲ್.ರೈಸ್ ಅವನ್ನು ಬೆಳಕಿಗೆ ತಂದರು. ಅವುಗಳನ್ನು ಬರೆದ ಚಪಡ ಎಂಬ ಲಿಪಿಕಾರ ಶಾಸನವನ್ನೆಲ್ಲಾ ಬ್ರಾಹ್ಮೀ ಲಿಪಿಯಲ್ಲಿ ಬರೆದು, ಕೊನೆಯಲ್ಲಿ ತನ್ನ ಕಸುಬಿನ ಹೆಸರನ್ನು ಮಾತ್ರ ಖರೋಷ್ಠಿಯಲ್ಲಿ ಗೀಚಿದ್ದಾನೆ. ಖರೋಷ್ಠಿ ವಾಯವ್ಯ ಗಡಿಯ ಲಿಪಿ. ಆ ಗಡಿಯಾಚೆಗೇ ಇರುವ ಕಂದಹಾರದಲ್ಲಿ ಅಶೋಕ ತನ್ನ ಶಾಸನವನ್ನು ಗ್ರೀಕ್ ಭಾಷೆಯಲ್ಲೇ ಕೆತ್ತಿಸಿದ್ದ. ಗ್ರೀಕರನ್ನು ಬಲ್ಲ ಸೀಮೆಯ ಲಿಪಿ ಕಲಿತ ಕೈಯೊಂದು ನಮ್ಮ ಜಿಲ್ಲೆಯ ಬಂಡೆಯ ಮೇಲೆ ಆಡಿದೆ ಎಂಬುದು ಸಣ್ಣ ಮಾತಲ್ಲ.

ಚಿತ್ರದುರ್ಗದ ಕೋಟೆಯ ಬುಡದಲ್ಲಿರುವ ಚಂದ್ರವಳ್ಳಿಗೆ ನಮ್ಮ ಧರ್ಮಕೇಂದ್ರಗಳ ಮಕ್ಕಳು ಪ್ರವಾಸ ಹೋಗುತ್ತಾರೆ, ಗುಹೆ ನೋಡಿ ಬರುತ್ತಾರೆ. ಅಲ್ಲಿ ಎಂ.ಎಚ್.ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಉತ್ಖನನ ನಡೆಸಿದರು. ಚಂದ್ರವಳ್ಳಿಯಲ್ಲಿ ಸಿಕ್ಕಿದ ಬೆಳ್ಳಿ ನಾಣ್ಯಗಳಲ್ಲಿ ಅಗಸ್ಟಸ್ ಮತ್ತು ತಿಬೇರಿಯಸ್ ಚಕ್ರವರ್ತಿಗಳವು ಇವೆ. ಲೂಕರ ಎರಡನೆಯ ಅಧ್ಯಾಯ ಪ್ರಾರಂಭವಾಗುವುದು ಅಗಸ್ಟಸನಿಂದ, ಮೂರನೆಯದು ತಿಬೇರಿಯಸನಿಂದ. ಮುಂದಿನ ಸಲ ಮಕ್ಕಳನ್ನು ಕರೆದೊಯ್ಯುವ ಉಪದೇಶಿಗಳು ಇದನ್ನೂ ಹೇಳಿದರೆ ಚೆನ್ನ.

ಆದರೆ ಈ ನೆಲದ ದನಗಾಹಿಗಳ ಚರಿತ್ರೆ ಚಂದ್ರಗುಪ್ತನಿಗಿಂತ, ದಾವೀದನಿಗಿಂತ, ಅಬ್ರಹಾಮನಿಗಿಂತಲೂ ಹಿಂದಕ್ಕೆ ಹೋಗುತ್ತದೆ. ಬಳ್ಳಾರಿ ಸೀಮೆಯ ಕುಡತಿನಿ ಮೊದಲಾದ ಕಡೆ ಬೂದಿಯ ದಿಬ್ಬಗಳಿವೆ. ರಾಕ್ಷಸರನ್ನು ಸುಟ್ಟ ಬೂದಿಯೆಂದು ಜನ ನಂಬಿದ್ದರು. ಶೋಧಿಸಿ ನೋಡಿದರೆ ಅದು ಸುಟ್ಟ ಸಗಣಿ. ಶಿಲಾಯುಗದ ಕೊನೆಗೆ, ಇಂದಿಗೆ ನಾಲ್ಕೈದು ಸಾವಿರ ವರ್ಷಗಳ ಹಿಂದೆ, ದನದ ದೊಡ್ಡಿಗಳಲ್ಲಿ ಶೇಖರವಾದ ಸಗಣಿಗೆ ಬೆಂಕಿಯಿಟ್ಟ ಗುರುತು. ಇಂಥದೇ ಒಂದು ದಿಬ್ಬವನ್ನು ತೆಲಂಗಾಣದ ಉಟ್ನೂರಿನಲ್ಲಿ 1957ರಲ್ಲಿ ಅಗೆದ ಆಲ್ಚಿನ್ ಎಂಬ ವಿದ್ವಾಂಸರಿಗೆ ದೊಡ್ಡಿಯ ನೆಲದಲ್ಲಿ ದನಗಳ ಗೊರಸಿನ ಗುರುತುಗಳು ಹಾಗೇ ಸಿಕ್ಕವು.

ಹೀಗೆ ಎಂದಿನಿಂದಲೋ ಇದ್ದ ಜನಕ್ಕೆ ಊರಿನವರೊಡನೆ ಜಗಳ ತಪ್ಪಿದ್ದಲ್ಲ. ಕ್ರಿಸ್ತಜಯಂತಿಯ ಪ್ರಬೋಧನೆಗಳಲ್ಲಿ, 'ಯೆಹೂದ್ಯರಲ್ಲಿ ಕುರಿಗಾಹಿಗಳು ಬಹಿಷ್ಕೃತರು, ನ್ಯಾಯಾಲಯದಲ್ಲಿ ಅವರ ಸಾಕ್ಷಿಗೆ ಬೆಲೆಯಿರಲಿಲ್ಲ' ಎಂಬ ಮಾತು ಆಗಾಗ್ಗೆ ಕೇಳಿಬರುತ್ತದೆ. ನಮಗೆ ಇದು ಅಷ್ಟಾಗಿ ಒಪ್ಪಿಗೆಯಿಲ್ಲ. ಸಾಕ್ಷಿಯ ವಿಷಯ ಬರುವ ಯೆಹೂದ್ಯ ಗ್ರಂಥ ಯೇಸುವಿನ ಕಾಲಕ್ಕಿಂತ ಕೆಲವು ಶತಮಾನ ಈಚಿನದು. ಲೂಕರಂತೂ ಹಾಗೆ ಒಂದು ಮಾತೂ ಹೇಳುವುದಿಲ್ಲ. ಮೋಶೆ ಕುರಿ ಕಾಯ್ದವನು, ಯಕೋಬ ಕಾಯ್ದವನು, ದಾವೀದನನ್ನು ಅಭಿಷೇಕಕ್ಕೆ ಕರೆತಂದದ್ದೇ ಕುರಿಗಳ ಬಳಿಯಿಂದ. ನಿಜವಾಗಿ ಇದ್ದದ್ದು ಬೇರೆ ತಕರಾರು. ಹೊಲ ಮೇಯಿಸಿದರೆಂಬ ತಕರಾರು. ಕ್ರಿ.ಶ. 200ರ ಸುಮಾರಿಗೆ ಒಟ್ಟುಗೂಡಿಸಿದ ಯೆಹೂದ್ಯರ 'ಮಿಷ್ನಾ'ದಲ್ಲಿ ಇಸ್ರಯೇಲ್ ನಾಡಿನೊಳಗೆ ಕುರಿ ಮೇಕೆ ಸಾಕಬಾರದು, ಅಡವಿಯಲ್ಲಾದರೆ ಸಾಕಬಹುದು ಎಂಬ ನಿಯಮವೇ ಇದೆ. ಇದನ್ನು ಓದುವಾಗ ನಮಗೆ ಹೊಳಲ್ಕೆರೆ ಕಡೆಯ ಪಂಚಾಯಿತಿ ಕಟ್ಟೆಯ ಮಾತೇ ಕಿವಿಗೆ ಬಿದ್ದಂತಾಗುತ್ತದೆ. ಕೊಳವೆಬಾವಿ ಬಂದ ಮೇಲೆ ಬೀಳುಬಿಟ್ಟ ಹೊಲಗಳು ಅಡಿಕೆ ತೋಟಗಳಾದವು, ತೋಟಕ್ಕೆ ತಂತಿಬೇಲಿ ಬಂತು. ಕುರಿ ನಡೆಯುತ್ತಿದ್ದ ದಾರಿ ಕಿರಿದಾಗುತ್ತಾ ಹೋಯಿತು. ರೈತನದು ತಪ್ಪೆನ್ನಲಾಗದು. ಕುರಿಯವನದೂ ಅಲ್ಲ.

ಇಲ್ಲಿ ಇನ್ನೊಂದು ಗ್ರೀಕ್ ಪದವನ್ನು ಪರಿಚಯಿಸಬೇಕು. ಮೇಯಿಸು, ಹಂಚಿಕೊಡು ಎರಡಕ್ಕೂ ಗ್ರೀಕರಲ್ಲಿ 'ನೆಮೊ' ಎಂಬ ಒಂದೇ ಕ್ರಿಯಾಪದ. ಅದರಿಂದ ಹುಟ್ಟಿದ್ದು 'ನೊಮೆ', ಅಂದರೆ ಹುಲ್ಲುಗಾವಲು. ಯೊವಾನ್ನರ ಶುಭಸಂದೇಶದಲ್ಲಿ ತಾವೇ ಬಾಗಿಲೆಂದೂ ತಮ್ಮ ಮೂಲಕ ಒಳಹೊಕ್ಕವನಿಗೆ ಮೇವು ಸಿಗುವುದೆಂದೂ ಯೇಸುಸ್ವಾಮಿ ಹೇಳುವಲ್ಲಿ (10:9) ಇರುವುದು ಆ 'ನೊಮೆ'. ಅಲೆಮಾರಿ ಪಶುಪಾಲಕರಿಗೆ 'ನೊಮಾದೆಸ್' ಎಂಬ ಹೆಸರು ಬಂದದ್ದೂ ಅದರಿಂದ. ಅದೇ ಮೂಲದಿಂದ ಹುಟ್ಟಿದ ಮೂರನೆಯದು 'ನೊಮೊಸ್'. ಅಂದರೆ ಕಾನೂನು, ಧರ್ಮಶಾಸ್ತ್ರ. ಸಂತ ಪೌಲರು ಪುಟಗಟ್ಟಲೆ ಚರ್ಚಿಸುವ ಪದ. ಯಾರಿಗೆ ಎಷ್ಟು ಪಾಲು ಎಂದು ಹಂಚುವುದೇ ಕಾನೂನಿನ ಮೂಲಾರ್ಥ. ಹುಲ್ಲುಗಾವಲೂ ಕಾನೂನೂ ಒಂದೇ ತಾಯಿಯ ಮಕ್ಕಳು.

ನಮ್ಮ ಜಿಲ್ಲೆಯಲ್ಲಿ ಈ ಇಬ್ಬರು ಎದುರುಬದುರಾದ ಕಥೆ ಕಾವಲುಗಳದು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704) ಅರಮನೆಯ ದನಗಳಿಗೆ 'ಬೆಣ್ಣೆ ಚಾವಡಿ' ಎಂಬ ಇಲಾಖೆಯಿತ್ತು, ಹುಲ್ಲುಗಾವಲುಗಳನ್ನು ಅದಕ್ಕೆ ಮೀಸಲಿಟ್ಟಿದ್ದರು. ಹೈದರಾಲಿ 1779ರಲ್ಲಿ ಮದಕರಿ ನಾಯಕನಿಂದ ದುರ್ಗವನ್ನು ಗೆದ್ದುಕೊಂಡ. ಆತನ ಮಗ ಟಿಪ್ಪು ಆ ಇಲಾಖೆಗೆ 'ಅಮೃತ ಮಹಲ್' ಎಂದು ಹೆಸರಿಟ್ಟ. ತೋಪು ಎಳೆಯುವ ಎತ್ತುಗಳಿಗಾಗಿ ಅದನ್ನು ಬೆಳೆಸಿದರು. 1799ರ ನಂತರ ಅದು ಇಂಗ್ಲಿಷರ ಕೈಸೇರಿತು. ಹೆಸರು ಅರಮನೆಯದಾದರೂ ಹುಲ್ಲನ್ನು ನಂಬಿ ಬದುಕಿದವರು ಸುತ್ತಲಿನ ಹಟ್ಟಿಗಳವರು. ಕುರಿ ಮೇಯಿಸಿ, ಉಣ್ಣೆ ಕತ್ತರಿಸಿ, ಕಂಬಳಿ ನೇಯ್ದು ಚಳ್ಳಕೆರೆ ಸಂತೆಗೆ ಹೊತ್ತವರು. ಮಳೆ ರಾಜ್ಯದಲ್ಲೇ ಅತಿ ಕಡಿಮೆ ಬೀಳುವ ಆ ಸೀಮೆಯಲ್ಲಿ ಬೇರೆ ಆಸರೆಯಾದರೂ ಏನಿತ್ತು? 2008ರಿಂದ ಈಚೆಗೆ ಚಳ್ಳಕೆರೆಯ ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳ ಸುಮಾರು 10,000 ಎಕರೆ ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಅಣುಶಕ್ತಿ ಸಂಸ್ಥೆಗಳಿಗೂ ಭಾರತೀಯ ವಿಜ್ಞಾನ ಸಂಸ್ಥೆಗೂ ಹಂಚಿಕೆಯಾಯಿತು. ಹಟ್ಟಿಗಳವರಿಗೆ ತಿಳಿದದ್ದು ಕಾಂಪೌಂಡ್ ಗೋಡೆ ಏಳತೊಡಗಿದಾಗ. ವಿಷಯ 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಹೋಯಿತು. 2017ರ ಮೇ ತಿಂಗಳಲ್ಲಿ ಅಲ್ಲಿ ವಿಮಾನ ಪರೀಕ್ಷಾ ನೆಲೆ ಉದ್ಘಾಟನೆಯಾಯಿತು. ದೇಶಕ್ಕೆ ಪ್ರಯೋಗಾಲಯ ಬೇಡವೆಂದು ನಾವು ಹೇಳುವುದಿಲ್ಲ. ಹಂಚುವಾಗ ಪೊಯ್ಮೆನೆಸ್‌ಗಳನ್ನು ಯಾರೂ ಕೇಳಲಿಲ್ಲ ಎಂಬುದು ಮಾತ್ರ ನಮಗೆ ನೋವಿನ ಸಂಗತಿ. ಅವರು ಅಲ್ಲಿ ಇದ್ದಾರೆಂಬುದೇ ಕಾಗದದಲ್ಲಿ ಇರಲಿಲ್ಲ.

ಕಾಗದದಲ್ಲಿ ಇಲ್ಲದ್ದು ಅವರ ಹಾಡಿನಲ್ಲಿದೆ. ಕಾಡುಗೊಲ್ಲರ ಜುಂಜಪ್ಪ, ಎತ್ತಪ್ಪ ಇವರೆಲ್ಲ ದನ ಕಾಯ್ದೇ ದೈವವಾದವರು. ಆಳುದ್ದದ ಬಿದಿರಿನ ಗಣೆ ಊದುತ್ತಾ ಜುಂಜಪ್ಪನ ಕಥೆ ಹಾಡುವವರು ಈಗ ವಿರಳ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಅವರ ನೆನಪಿನಲ್ಲಿದ್ದ ಸಾವಿರಾರು ಪದಗಳನ್ನು ಕೃಷ್ಣಮೂರ್ತಿ ಹನೂರರು ಕುಳಿತು ಬರೆದುಕೊಂಡಿದ್ದರಿಂದ ಅವು ಉಳಿದವು.

ಇಷ್ಟು ಮೆಚ್ಚುಗೆಯ ನಡುವೆ ಒಂದು ಕಷ್ಟದ ವಿಷಯವನ್ನು ಹೇಳದೆ ಬಿಟ್ಟರೆ ನ್ಯಾಯವಾಗದು. ಕಾಡುಗೊಲ್ಲರ ಹಲವು ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳು ಹಟ್ಟಿಯ ಹೊರಗಿರಬೇಕು. ಹೆತ್ತ ತಾಯಿಯೂ ಹಸುಗೂಸೂ ಸಣ್ಣ ಗುಡಿಸಲೊಂದರಲ್ಲಿ ವಾರಗಟ್ಟಲೆ, ಕೆಲವೆಡೆ ತಿಂಗಳುಗಟ್ಟಲೆ ದಿನ ಕಳೆಯಬೇಕು. ಮಳೆ, ಚಳಿ, ಹಾವು ಚೇಳು ಯಾವುದಕ್ಕೂ ವಿನಾಯಿತಿಯಿಲ್ಲ. ದೇವರಿಗೆ ಸೂತಕವೆಂಬ ಭಯ. 2023ರ ಜುಲೈಯಲ್ಲಿ ತುಮಕೂರಿನ ಬಳಿಯ ಗೊಲ್ಲರಹಟ್ಟಿಯೊಂದರ ಹೊರಗೆ ಹೀಗಿದ್ದ ಹಸುಗೂಸೊಂದು ತೀರಿಕೊಂಡಿತು. ಸರ್ಕಾರ ಕೆಲವು ಹಟ್ಟಿಗಳ ಪಕ್ಕದಲ್ಲಿ ಈ ಹೆಂಗಸರಿಗೆಂದು ಭವನಗಳನ್ನು ಕಟ್ಟಿಸಿದೆ. ತಲೆಯ ಮೇಲೆ ಸೂರು ಸಿಕ್ಕಿತು ಸರಿ. ಆದರೆ ಹೊರಗಿಡುವ ಪದ್ಧತಿಗೆ ಸಿಮೆಂಟಿನ ಗೋಡೆಯೂ ಸಿಕ್ಕಂತಾಯಿತಲ್ಲವೇ?

ಬೆರಳು ತೋರಿಸುವ ಮೊದಲು ನಮ್ಮ ಗ್ರಂಥವನ್ನೂ ತೆರೆಯಬೇಕು. ಯಾಜಕಕಾಂಡದ ಹನ್ನೆರಡನೆಯ ಅಧ್ಯಾಯದ ಪ್ರಕಾರ ಗಂಡು ಹೆತ್ತವಳಿಗೆ 40 ದಿನ, ಹೆಣ್ಣು ಹೆತ್ತವಳಿಗೆ 80 ದಿನ ಸೂತಕ. ಮಾತೆ ಮರಿಯಮ್ಮನವರೂ ಆ ನಿಯಮ ಪಾಲಿಸಿದರು. ಕ್ರಿಸ್ತಜಯಂತಿಯಿಂದ ಎಣಿಸಿದರೆ ನಲವತ್ತನೆಯ ದಿನವಾದ ಫೆಬ್ರವರಿ 2ರಂದು ನಾವು ಮೇಣದಬತ್ತಿ ಹಿಡಿದು ಆಚರಿಸುವ ಹಬ್ಬದ ಹಿನ್ನೆಲೆ ಇದೇ. ಹೆರಿಗೆಯಾದವಳನ್ನು ಗುರುಗಳು ಆಶೀರ್ವದಿಸಿ ದೇವಾಲಯದೊಳಗೆ ಕರೆದುಕೊಳ್ಳುವ ವಿಧಿ ನಮ್ಮ ಸಭೆಯಲ್ಲೂ ಬಹುಕಾಲ ಇತ್ತು. ಅದು ಕೃತಜ್ಞತೆಯ ಪ್ರಾರ್ಥನೆಯಾಗಿದ್ದರೂ ಜನ ಅದನ್ನು ಮೈಲಿಗೆ ತೆಗೆಯುವುದೆಂದೇ ತಿಳಿದಿದ್ದರು.

ಇದನ್ನು ಮನಸ್ಸಿನಲ್ಲಿಟ್ಟು ಲೂಕರನ್ನು ಮತ್ತೆ ಓದಿ. ಛತ್ರದಲ್ಲಿ ಸ್ಥಳವಿರಲಿಲ್ಲ ಎಂದು ನಾವು ಹೇಳುವಲ್ಲಿ ಅವರು ಬಳಸಿದ ಪದ 'ಕತಾಲುಮ'. ಕಡೆಯ ಭೋಜನ ನಡೆದ ಕೋಣೆಗೂ ಅವರು ಅದೇ ಪದ ಬಳಸುತ್ತಾರೆ. ದಯಾಳು ಸಮಾರಿಯದವನ ಕಥೆಯಲ್ಲಿ ಬರುವ ನಿಜವಾದ ಛತ್ರಕ್ಕೆ ಬೇರೆ ಪದವಿದೆ. ಹಾಗಾದರೆ ಅತಿಥಿಗಳ ಕೋಣೆ ತುಂಬಿತ್ತು, ಕಂದನನ್ನು ಮನೆಯವರ ದನ ಕಟ್ಟುವ ಕಡೆ ಗೋದಲಿಯಲ್ಲಿ ಮಲಗಿಸಿದರು ಎಂದು ಕೆಲವು ವಿದ್ವಾಂಸರ ಅಭಿಪ್ರಾಯ. ನಮ್ಮ ಬಯಲುಸೀಮೆಯ ಹಳೆಯ ಮನೆಗಳಲ್ಲಿ ಹೊಸ್ತಿಲು ದಾಟಿದೊಡನೆ ದನ, ಗೋದಲಿ, ಅದರಾಚೆ ಅಡುಗೆಮನೆ ಇದ್ದದ್ದನ್ನು ಕಂಡವರಿಗೆ ಇದು ನಂಬಲಾಗದ ಮಾತಲ್ಲ. ಬಾಣಂತಿಯನ್ನು ಹೊರಗಿಟ್ಟಿರಲಿಲ್ಲ, ಒಳಗೇ ಜಾಗ ಮಾಡಿಕೊಟ್ಟಿದ್ದರು. ಆ ರಾತ್ರಿಯೇ, ಸೂತಕದ ಮೊದಲ ದಿನವೇ, ಹೊಲದಿಂದ ಅಪರಿಚಿತ ಗಂಡಸರು ಅವಸರವಾಗಿ ಬಂದರು. ಮರಿಯಳನ್ನೂ ಜೋಸೆಫನನ್ನೂ ಗೋದಲಿಯಲ್ಲಿದ್ದ ಶಿಶುವನ್ನೂ ಕಂಡರು. ದೂರ ನಿಲ್ಲಿ ಎಂದು ಯಾರೂ ಹೇಳಿದ್ದು ಲೂಕರಲ್ಲಿ ಇಲ್ಲ. ಮೈಲಿಗೆಯಾಯಿತೆಂದು ಬಂದವರು ಅಳುಕಿದ್ದೂ ಇಲ್ಲ.

ಮುಂಜಾನೆಯ ಪೂಜೆಯ ಶುಭಸಂದೇಶ ಅವರು ಹಿಂದಿರುಗುವಲ್ಲಿಗೆ ಮುಗಿಯುತ್ತದೆ. ದೇವರನ್ನು ಕೊಂಡಾಡುತ್ತಾ ತಮ್ಮ ಕುರಿಗಳ ಕಡೆಗೆ. ನಮ್ಮ ಧರ್ಮಕೇಂದ್ರದ ಗೋದಲಿ ನೋಡಲು ಒಮ್ಮೆ ಬಂದಿದ್ದ ಕುರಿಯವರೊಬ್ಬರು ಬೊಂಬೆಗಳನ್ನೆಲ್ಲ ಎಣಿಸಿ, 'ಎಲ್ಲಾರೂ ಇಲ್ಲೇ ಬಂದವ್ರಲ್ಲ ಸ್ವಾಮೀ, ಕುರಿ ಯಾರ ವಶಕ್ಕೆ ಬಿಟ್ರು?' ಎಂದು ಕೇಳಿದರು. ಸೆಮಿನರಿಯಲ್ಲಿ ಯಾವ ಪ್ರಾಧ್ಯಾಪಕರೂ ಕೇಳಿರದ ಪ್ರಶ್ನೆ. ನಾವು ಅವರನ್ನೇ ಕೇಳಿದೆವು. 'ಒಬ್ಬ ಉಳಿದಿರ್ತಾನೆ ಬಿಡಿ. ಮಂದೆ ಬಿಟ್ಟು ಎಲ್ಲಾರೂ ಎಲ್ಲಿಗೆ ಹೋಗಕ್ಕಾಗುತ್ತೆ' ಎಂದರು. ಆ ಒಬ್ಬನ ಹೆಸರು ಲೂಕರಲ್ಲಿ ಇಲ್ಲ. ಹೋದವರ ಹೆಸರೂ ಇಲ್ಲ.